ಹನ್ನೊಂದರ ಊಟ, ಎರಡರ ನಿದ್ದೆ

ಹಾಸ್ಟೆಲ್‌ನಲ್ಲಿರುವ ಮಗನಿಗೋ ಮಗಳಿಗೋ ಮನೆಯಿಂದ ಫೋನ್ ಮಾಡಿದರೆ ನಾವು ಮೊದಲು ಕೇಳುವುದು ‘ಊಟ ಆಯ್ತಾ?’ ಎಂದು. ‘ಆಯ್ತು’ ಎಂಬ ಉತ್ತರ ಬಂದರೆ ಸಮಾಧಾನ. ಎಷ್ಟು ಗಂಟೆಗೆ ಆಯ್ತು, ಏನು ತಿಂದೆ, ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ ಎಂದು ಕೇಳುವವರು ಕಡಿಮೆ. ರಜೆಯಲ್ಲಿ ಮನೆಗೆ ಬಂದ ಅದೇ ಮಕ್ಕಳು ಮಧ್ಯಾಹ್ನದವರೆಗೆ ಮಲಗಿರುವುದನ್ನು ಕಂಡಾಗ ಮಾತ್ರ ‘ಎಷ್ಟು ಸೋಮಾರಿಯಾಗಿದ್ದಾನೆ’, ‘ಮೊಬೈಲ್ ಹಾಳು ಮಾಡಿತು’ ಎಂದು ಗೊಣಗುತ್ತೇವೆ. ಮೊಬೈಲಿನ ಪಾಲು ಇದೆ, ಅದನ್ನು ಮುಂದೆ ನೋಡೋಣ. ಆದರೆ ಆ ನಿದ್ದೆ ಕೆಡಲು ಆರಂಭವಾಗುವುದು ರಾತ್ರಿ ಮೊಬೈಲ್ ಕೈಗೆತ್ತಿಕೊಂಡಾಗ ಅಲ್ಲ. ಹಿಂದಿನ ಬೆಳಿಗ್ಗೆ ತಿಂಡಿ ತಪ್ಪಿಸಿದ ಹೊತ್ತಿನಲ್ಲೇ ಅದು ಆರಂಭವಾಗಿರುತ್ತದೆ.

ದೇರಳಕಟ್ಟೆ, ಕೊಣಾಜೆ, ಮಣಿಪಾಲದಂತಹ ಕಾಲೇಜು ಊರುಗಳಲ್ಲಿ ಹಾಸ್ಟೆಲ್ ಅಥವಾ ಪಿ.ಜಿ.ಯಲ್ಲಿರುವ ವಿದ್ಯಾರ್ಥಿಯ ಒಂದು ಸಾಧಾರಣ ದಿನವನ್ನು ನೋಡಿ. ರಾತ್ರಿ ತಡವಾಗಿ ಮಲಗಿದ್ದರಿಂದ ತರಗತಿಗೆ ಹತ್ತು ನಿಮಿಷ ಇರುವಾಗ ಏಳುತ್ತಾನೆ. ತಿಂಡಿ ಇಲ್ಲ. ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಒಂದು ಚಹಾ, ಒಂದು ಪಫ್ಸ್. ಮಧ್ಯಾಹ್ನ ಮೆಸ್‌ನಲ್ಲಿ ಅನ್ನದ ಭಾರೀ ಊಟ. ಮೂರಕ್ಕೆ ತೂಕಡಿಕೆ, ಅದನ್ನು ಓಡಿಸಲು ಮತ್ತೊಂದು ಚಹಾ. ಅಸರ್ ಬಳಿಕ ರೂಮಿಗೆ ಬಂದು ಎರಡು ಗಂಟೆ ನಿದ್ದೆ. ರಾತ್ರಿ ಎಂಟಕ್ಕೆ ಮೆಸ್ ಊಟ ರುಚಿಸಲಿಲ್ಲವೆಂದು ಬಿಟ್ಟು, ಹನ್ನೊಂದಕ್ಕೆ ಗೆಳೆಯರೊಂದಿಗೆ ಹೊರಗೆ ಹೋಗಿ ಪರೋಟ, ಶವರ್ಮಾ ಅಥವಾ ಅಲ್ಫಹಂ, ಜೊತೆಗೆ ಒಂದು ಕೋಲಾ. ಹನ್ನೆರಡಕ್ಕೆ ಮರಳಿ ಬಂದು ಓದಲು ಕೂರುತ್ತಾನೆ. ಎರಡಕ್ಕೆ ಮಲಗುತ್ತಾನೆ. ಇದರಲ್ಲಿ ಹರಾಮ್ ಆದ ಒಂದೇ ಒಂದು ವಸ್ತುವಿಲ್ಲ. ಹಾಗಾಗಿಯೇ ನಮ್ಮ ಗಮನಕ್ಕೆ ಬರುವುದೂ ಇಲ್ಲ.

ನಿದ್ದೆ ಚೆನ್ನಾಗಿದೆಯೇ ಇಲ್ಲವೇ ಎಂದು ತಿಳಿಯಲು ಎಷ್ಟು ಗಂಟೆ ಮಲಗಿದ ಎಂಬ ಲೆಕ್ಕವೊಂದೇ ಸಾಲದು. ಸಂಶೋಧಕರು ಇದಕ್ಕಾಗಿ 1989ರಿಂದ ಬಳಸುತ್ತಿರುವ ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕ ಎಂಬ ಪ್ರಶ್ನಾವಳಿಯೊಂದಿದೆ. ಕಳೆದ ಒಂದು ತಿಂಗಳ ನಿದ್ದೆಯನ್ನು ಅದು ಏಳು ಬಗೆಯಲ್ಲಿ ಅಳೆಯುತ್ತದೆ: ನಿದ್ದೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು, ಮಲಗಿದ ಮೇಲೆ ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕು, ಒಟ್ಟು ಎಷ್ಟು ಗಂಟೆ ನಿದ್ದೆ, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜವಾದ ನಿದ್ದೆ ಎಷ್ಟು, ನಡುವೆ ಎಷ್ಟು ಬಾರಿ ಎಚ್ಚರವಾಗುತ್ತದೆ, ನಿದ್ದೆಗೆ ಮಾತ್ರೆ ಬೇಕಾಗುತ್ತದೆಯೇ, ಹಗಲಿನಲ್ಲಿ ತೂಕಡಿಕೆ ಎಷ್ಟು. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಟ್ಟು 21ರಲ್ಲಿ 5ಕ್ಕಿಂತ ಹೆಚ್ಚು ಬಂದರೆ ನಿದ್ದೆ ಸರಿಯಿಲ್ಲ ಎಂದರ್ಥ. ಇಲ್ಲಿ ಅಂಕ ಹೆಚ್ಚಿದಷ್ಟೂ ಕೆಟ್ಟದು. ರಜೆಯಲ್ಲಿ ಮಕ್ಕಳು ಮನೆಗೆ ಬಂದಾಗ ಇದೇ ಪ್ರಶ್ನೆಗಳನ್ನು ಮಾತಿನ ನಡುವೆ ಕೇಳಿ ನೋಡಿ. ‘ಚೆನ್ನಾಗಿ ಮಲಗುತ್ತೇನಲ್ಲ, ಎಂಟು ಗಂಟೆ’ ಎನ್ನುವ ಮಗಳು, ನಿದ್ದೆ ಹತ್ತಲು ಒಂದು ಗಂಟೆ ಹೊರಳಾಡುತ್ತೇನೆ ಎಂಬುದನ್ನೂ ಆಗ ಹೇಳಿಯಾಳು.

ಚಹಾ ಮಾಡುವ ಕೆಲಸ

ನಿದ್ದೆಯನ್ನು ತರುವ ಶಕ್ತಿಗಳು ಎರಡು. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ಕಣ್ಣು ಭಾರವಾಗುತ್ತದೆ. ಎರಡನೆಯದು ದೇಹದೊಳಗಿನ ಗಡಿಯಾರ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ಹಗಲು ರಾತ್ರಿಗಳನ್ನು ಗುರುತಿಸುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿಸಿ ದೇಹವನ್ನು ನಿದ್ದೆಗೆ ಸಿದ್ಧಗೊಳಿಸುತ್ತದೆ. ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಎರಡೂ ಶಕ್ತಿಗಳು ಒಂದೇ ಹೊತ್ತಿಗೆ ಕೂಡಿಬಂದರೆ ದಿಂಬಿಗೆ ತಲೆಯಿಟ್ಟ ಕೂಡಲೇ ನಿದ್ದೆ.

ಚಹಾ, ಕಾಫಿ, ಕೋಲಾ, ಎನರ್ಜಿ ಡ್ರಿಂಕ್‌ಗಳಲ್ಲಿರುವ ಕೆಫೀನ್ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ಮೆದುಳಿಗೆ ತಲುಪುವುದಿಲ್ಲ, ಅಷ್ಟೇ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ದೇಹದಿಂದ ಹೊರಹೋಗಲು ಸರಾಸರಿ ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ರಾತ್ರಿ ಹನ್ನೊಂದಕ್ಕೆ ಕುಡಿದ ಚಹಾದ ಅರ್ಧ ಕೆಫೀನ್ ನಾಲ್ಕು ಗಂಟೆಗೂ ರಕ್ತದಲ್ಲಿರುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 400 ಮಿಲಿಗ್ರಾಂ ಕೆಫೀನನ್ನು ಮಲಗುವ ಆರು ಗಂಟೆ ಮೊದಲೇ ಕೊಟ್ಟರೂ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಯಿತು. ಅದು ದೊಡ್ಡ ಪ್ರಮಾಣ, ನಿಜ. ಒಂದು ಲೋಟ ಚಹಾದಲ್ಲಿ ಇರುವುದು ಸುಮಾರು 30ರಿಂದ 50 ಮಿಲಿಗ್ರಾಂ, ಕಾಫಿಯಲ್ಲಿ 80ರಿಂದ 100. ಆದರೆ ನಾಲ್ಕು ಚಹಾ, ಒಂದು ಕೋಲಾ, ಪರೀಕ್ಷೆಯ ದಿನಗಳಲ್ಲಿ ಒಂದೆರಡು ಎನರ್ಜಿ ಡ್ರಿಂಕ್ ಕೂಡಿಸಿದರೆ ಆ ಲೆಕ್ಕ ದೂರವೇನೂ ಉಳಿಯುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಎನರ್ಜಿ ಡ್ರಿಂಕ್‌ಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಸಕ್ಕರೆ ಬೇರೆ.

ಬಿರಿಯಾನಿ ತಿಂದ ಮೇಲೆ ಸುಲೈಮಾನಿ ಕುಡಿದರೆ ಹೊಟ್ಟೆ ಹಗುರಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಹಾಲು ಹಾಕದ, ಲಿಂಬೆ ಹಿಂಡಿದ ಚಹಾ ಎಂಬ ಕಾರಣಕ್ಕೆ ಅದನ್ನು ಚಹಾದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಫೀನ್ ಇರುವುದು ಹಾಲಿನಲ್ಲಲ್ಲ, ಎಲೆಯಲ್ಲಿ. ರಾತ್ರಿ ಮದುವೆ ಊಟದ ಬಳಿಕ ಎರಡು ಲೋಟ ಸುಲೈಮಾನಿ ಕುಡಿದು ಮನೆಗೆ ಬಂದ ದಿನ ನಿದ್ದೆ ಬರದಿದ್ದರೆ ದೃಷ್ಟಿ ತಾಗಿತೆಂದು ಅಂದುಕೊಳ್ಳಬೇಕಾಗಿಲ್ಲ. ಜೀರಿಗೆ ನೀರು ಹೊಟ್ಟೆಯನ್ನೂ ಕೆಡಿಸುವುದಿಲ್ಲ, ನಿದ್ದೆಯನ್ನೂ ಕೆಡಿಸುವುದಿಲ್ಲ.

ಅಸರ್ ಹೊತ್ತಿನ ಚಹಾವೇ ದಿನದ ಕೊನೆಯ ಚಹಾ ಎಂದು ಇಟ್ಟುಕೊಂಡರೆ ಹೆಚ್ಚಿನವರಿಗೆ ಸಾಕು. ಅದಕ್ಕೂ ನಿದ್ದೆ ಕೆಡುವವರು ಲುಹರ್ ಬಳಿಕವೇ ನಿಲ್ಲಿಸಬೇಕು.

ತಡರಾತ್ರಿಯ ತಟ್ಟೆ

ಹನ್ನೊಂದಕ್ಕೆ ಎಣ್ಣೆ ಮಸಾಲೆಯ ಊಟ ಮಾಡಿ ಹನ್ನೆರಡಕ್ಕೆ ಮಲಗಿದರೆ ಏನಾಗುತ್ತದೆ? ಕೊಬ್ಬು ಹೆಚ್ಚಿರುವ ಊಟ ಹೊಟ್ಟೆಯಿಂದ ಕೆಳಗಿಳಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಮಲಗಿದಾಗ ಹೊಟ್ಟೆಯ ಆಮ್ಲ ಅನ್ನನಾಳದತ್ತ ಮೇಲಕ್ಕೆ ಬರುವುದು ಸುಲಭ. ಎದೆಯುರಿ, ಹುಳಿತೇಗು, ಗಂಟಲಲ್ಲಿ ಕೆರೆತ. ಎಷ್ಟೋ ಬಾರಿ ವಿದ್ಯಾರ್ಥಿಗೆ ಪೂರ್ತಿ ಎಚ್ಚರವಾಗುವುದೂ ಇಲ್ಲ. ಆಳವಾದ ನಿದ್ದೆಯಿಂದ ತೆಳು ನಿದ್ದೆಗೆ ಮತ್ತೆ ಮತ್ತೆ ಏರಿಬರುತ್ತಾನೆ, ಬೆಳಿಗ್ಗೆ ಮೈ ಭಾರ ಎನ್ನುತ್ತಾನೆ. ಮೇಲಾಗಿ ಮಸಾಲೆ ಮಾಂಸದ ಜೊತೆಗಿನ ಬಾಯಾರಿಕೆ, ನೀರು ಕುಡಿದದ್ದಕ್ಕೆ ಮೂತ್ರಕ್ಕೆ ಏಳುವುದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ದೇಹದಲ್ಲಿ ಇರುವುದು ಒಂದೇ ಗಡಿಯಾರವಲ್ಲ. ಮೆದುಳಿನ ಗಡಿಯಾರ ಬೆಳಕಿನ ಮಾತು ಕೇಳಿದರೆ, ಯಕೃತ್ತು, ಕೊಬ್ಬಿನ ಅಂಗಾಂಶ ಮುಂತಾದವುಗಳ ಗಡಿಯಾರಗಳು ಊಟದ ಮಾತನ್ನೂ ಕೇಳುತ್ತವೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹತ್ತು ಮಂದಿ ಯುವಕರ ಎಲ್ಲ ಊಟಗಳನ್ನು ಐದು ಗಂಟೆ ತಡಮಾಡಿದರು. ಆರು ದಿನಗಳ ಬಳಿಕ ಅವರ ರಕ್ತದ ಸಕ್ಕರೆಯ ಏರಿಳಿತದ ಹೊತ್ತೂ ಐದು ಗಂಟೆಗಿಂತ ಹೆಚ್ಚು ತಡವಾಗಿತ್ತು. ಆದರೆ ಮೆದುಳಿನ ಗಡಿಯಾರ ಇದ್ದಲ್ಲೇ ಇತ್ತು. ಎಂದರೆ ಒಂದೇ ದೇಹದೊಳಗೆ ಒಂದು ಗಡಿಯಾರ ಊರಿನ ಸಮಯ ತೋರಿಸುತ್ತಿದ್ದರೆ ಇನ್ನೊಂದು ಬೇರೆ ದೇಶದ ಸಮಯ ತೋರಿಸುತ್ತಿರುತ್ತದೆ. ತಿಂಗಳುಗಟ್ಟಲೆ ರಾತ್ರಿ ಹನ್ನೊಂದಕ್ಕೆ ಉಣ್ಣುವ ವಿದ್ಯಾರ್ಥಿಯ ಸ್ಥಿತಿ ಇದಕ್ಕೆ ಹತ್ತಿರದ್ದು.

ಹೊತ್ತಿನಷ್ಟೇ ತಿನ್ನುವ ವಸ್ತುವೂ ಮುಖ್ಯ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 26 ಮಂದಿಯ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಂಶೋಧಕರೇ ಅಳೆದು ಕೊಟ್ಟ ಆಹಾರ ತಿಂದ ದಿನಗಳಲ್ಲಿ ಅವರಿಗೆ ಸರಾಸರಿ 17 ನಿಮಿಷದಲ್ಲಿ ನಿದ್ದೆ ಹತ್ತಿತು. ತಮಗೆ ಬೇಕಾದ್ದನ್ನು ತಾವೇ ಆರಿಸಿ ತಿಂದ ದಿನ 29 ನಿಮಿಷ ಬೇಕಾಯಿತು. ನಾರು ಹೆಚ್ಚು ತಿಂದವರಿಗೆ ಆಳವಾದ ನಿದ್ದೆ ಹೆಚ್ಚು ಸಿಕ್ಕಿತು. ಗಟ್ಟಿ ಕೊಬ್ಬು ಹೆಚ್ಚು ತಿಂದವರಿಗೆ ಆಳ ನಿದ್ದೆ ಕಡಿಮೆಯಾಯಿತು, ಸಕ್ಕರೆ ಹೆಚ್ಚು ತಿಂದವರು ನಡುನಡುವೆ ಹೆಚ್ಚು ಬಾರಿ ಎಚ್ಚರವಾದರು. ಸಣ್ಣ ಅಧ್ಯಯನವಾದ್ದರಿಂದ ಇದೊಂದನ್ನೇ ಕಟ್ಟಕಡೆಯ ಮಾತೆಂದು ಹಿಡಿಯಬೇಕಾಗಿಲ್ಲ. ಆದರೆ ಮೈದಾ ಪರೋಟ, ವನಸ್ಪತಿಯಲ್ಲಿ ಕರಿದ ಬೇಕರಿ ತಿಂಡಿ, ಕೋಲಾ ಇವುಗಳಲ್ಲಿ ನಾರು ಇಲ್ಲವೆಂಬಷ್ಟು ಕಡಿಮೆ, ಉಳಿದೆರಡು ಧಾರಾಳ ಎಂಬುದನ್ನು ನೆನಪಿಡಬೇಕು. ನಮ್ಮ ಮನೆಗಳ ಹಳೆಯ ರಾತ್ರಿ ಊಟ, ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಒಂದು ತುಂಡು ಮೀನು, ಇದಕ್ಕೆ ತೀರಾ ವಿರುದ್ಧವಾದದ್ದು. ಗಂಜಿ ಉಣ್ಣುವುದು ಬಡತನದ ಗುರುತೆಂದು ಬಿಟ್ಟವರು ಈಗ ಅದನ್ನೇ ಓಟ್ಸ್ ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ತರುತ್ತಿದ್ದೇವೆ.

ಮಲಗುವ ಮುನ್ನ ಬಿಸಿ ಹಾಲು ಕುಡಿದರೆ ನಿದ್ದೆ ಬರುತ್ತದೆಯೇ ಎಂದು ತಾಯಂದಿರು ಕೇಳುವುದುಂಟು. ನಿದ್ದೆಗೆ ಸಹಾಯಕವಾದ ಟ್ರಿಪ್ಟೋಫಾನ್ ಹಾಲಿನಲ್ಲಿ ಇದೆ, ಆದರೆ ಒಂದು ಲೋಟದಲ್ಲಿ ಇರುವುದು ಸ್ವಲ್ಪವೇ. ಆದರೂ ಪರೋಟದ ಬದಲು ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಎರಡು ಖರ್ಜೂರ ತಿಂದು ಮಲಗಿದರೆ ಲಾಭವೇ. ಹಸಿದು ಮಲಗಿದರೂ ನಿದ್ದೆ ಸರಿಯಾಗದು.

ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮದುವೆ ಭಾಷಣಗಳಲ್ಲಿ ಕೇಳುತ್ತೇವೆ, ಊಟ ಅದಾದ ಮೇಲೆ ಆರಂಭವಾಗುತ್ತದೆ. ಇಶಾ ನಮಾಝಿಗೆ ಮೊದಲು ಮಲಗುವುದನ್ನೂ, ಇಶಾ ಬಳಿಕ ಅನಗತ್ಯ ಮಾತುಕತೆಯಲ್ಲಿ ಕಾಲ ಕಳೆಯುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ ಎಂಬುದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿದೆ. ಸಂಜೆಯ ಎರಡು ಗಂಟೆಯ ನಿದ್ದೆ ಮತ್ತು ತಡರಾತ್ರಿಯ ಹರಟೆ, ಹಾಸ್ಟೆಲ್ ಬದುಕಿನ ಈ ಎರಡು ಅಭ್ಯಾಸಗಳೂ ಅದರಲ್ಲಿ ಒಟ್ಟಿಗೆ ಬರುತ್ತವೆ.

ನಮ್ಮ ಊರಿನ ಸಮಯವೇ ಅನುಕೂಲ

ಕರಾವಳಿಯ ನಮಾಝ್ ವೇಳಾಪಟ್ಟಿಯನ್ನು ಒಮ್ಮೆ ಈ ದೃಷ್ಟಿಯಿಂದ ನೋಡಿ. ವರ್ಷದ ಯಾವ ತಿಂಗಳಲ್ಲೂ ಇಶಾ ಸಮಯ ಆರಂಭವಾಗುವುದು ರಾತ್ರಿ ಎಂಟೂವರೆಯೊಳಗೆ. ಫಜ್ರ್ (ಸುಬ್‌ಹಿ) ಸುಮಾರು ಮುಕ್ಕಾಲು ಐದರಿಂದ ಮುಕ್ಕಾಲು ಆರರ ನಡುವೆ. ಹದಿನೆಂಟರಿಂದ ಇಪ್ಪತ್ತೈದು ವರ್ಷದವರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಮಗ್ರಿಬ್ ಮತ್ತು ಇಶಾ ನಡುವೆ ಅಥವಾ ಇಶಾ ಮುಗಿದ ಕೂಡಲೇ ಊಟ, ಹತ್ತಕ್ಕೆ ಹಾಸಿಗೆ, ಐದಕ್ಕೆ ಎಚ್ಚರ. ಊಟಕ್ಕೂ ನಿದ್ದೆಗೂ ನಡುವೆ ಬೇಕಾದ ಎರಡು ಗಂಟೆ ಅಂತರ, ಏಳು ಗಂಟೆ ನಿದ್ದೆ ಎರಡೂ ಅದರಲ್ಲೇ ಸಿಗುತ್ತದೆ. ಜೂನ್ ತಿಂಗಳ ಲಂಡನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ಇಪ್ಪತ್ತಕ್ಕೆ. ಓದಲೆಂದು ಅಲ್ಲಿಗೆ ಹೋದ ನಮ್ಮ ಮಕ್ಕಳು ಇಶಾ ಮತ್ತು ಫಜ್ರ್ ನಡುವೆ ನಾಲ್ಕು ಗಂಟೆ ಮಲಗಲು ಪರದಾಡುತ್ತಾರೆ. ಇಲ್ಲಿನವರಿಗೆ ಆ ಕಷ್ಟ ಇಲ್ಲ.

ಹಾಗಿದ್ದರೂ ಎರಡಕ್ಕೆ ಮಲಗಿ, ಐದೂಕಾಲಿಗೆ ಫಜ್ರ್‌ಗೆ ಎದ್ದು, ಮತ್ತೆ ಒಂಬತ್ತರವರೆಗೆ ಮಲಗುವ ಮಕ್ಕಳು ಬಹಳ. ನಮಾಝ್ ಬಿಡದ ಮಕ್ಕಳೇ ಇವರು. ಫಜ್ರ್‌ಗೆ ಏಳುವುದರಿಂದ ನಿದ್ದೆ ಕೆಡುತ್ತದೆ ಎಂದು ಇವರಲ್ಲಿ ಕೆಲವರು ಭಾವಿಸುವುದೂ ಉಂಟು. ಕೆಡಿಸುವುದು ಎರಡು ಗಂಟೆಯವರೆಗಿನ ಎಚ್ಚರ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು, ಕೊನೆಯ ಭಾಗದಲ್ಲಿ ಕನಸು ಬೀಳುವ ನಿದ್ದೆ ಹೆಚ್ಚು. ಓದಿದ್ದು ನೆನಪಿನಲ್ಲಿ ಉಳಿಯಲು, ಮನಸ್ಸಿನ ಭಾರ ಇಳಿಯಲು ಎರಡೂ ಬೇಕು. ಮೂರು ಗಂಟೆಯ ಬಳಿಕ ಕಡಿದುಹೋದ ನಿದ್ದೆಯಲ್ಲಿ ಎರಡನೆಯದಕ್ಕೆ ಸರಿಯಾದ ಅವಕಾಶವೇ ಸಿಗುವುದಿಲ್ಲ.

ಇಲ್ಲಿ ಮಕ್ಕಳ ಪರವಾಗಿಯೂ ಒಂದು ಮಾತು ಹೇಳಬೇಕು. ಹದಿಹರೆಯದಿಂದ ಸುಮಾರು ಇಪ್ಪತ್ತರ ವಯಸ್ಸಿನವರೆಗೆ ದೇಹದ ಗಡಿಯಾರ ತಾನಾಗಿಯೇ ತಡವಾಗುತ್ತಾ ಹೋಗುತ್ತದೆ, ಆ ಬಳಿಕ ಮತ್ತೆ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಐವತ್ತರ ಅಪ್ಪನಿಗೆ ಒಂಬತ್ತೂವರೆಗೇ ಕಣ್ಣೆಳೆಯುವಂತೆ ಇಪ್ಪತ್ತರ ಮಗನಿಗೆ ಎಳೆಯುವುದಿಲ್ಲ. ಇದು ಸೋಮಾರಿತನವಲ್ಲ, ಅಲ್ಲಾಹನು ದೇಹವನ್ನು ಸೃಷ್ಟಿಸಿದ ಬಗೆ. ಆದುದರಿಂದ ‘ಬೇಗ ಮಲಗು’ ಎಂದು ಗದರಿಸಿದರೆ ಅವನು ದೀಪ ಆರಿಸಿ ಕತ್ತಲಲ್ಲಿ ಮೊಬೈಲ್ ನೋಡುತ್ತಾನೆ. ಗಡಿಯಾರವನ್ನು ಹಿಂದಕ್ಕೆ ತರುವ ದಾರಿ ಬೆಳಿಗ್ಗೆಯ ಬೆಳಕು. ಫಜ್ರ್ ಜಮಾಅತ್ ಮುಗಿದ ಮೇಲೆ ಸೂರ್ಯ ಮೂಡುವವರೆಗೆ ಎಚ್ಚರವಿದ್ದು, ಇಪ್ಪತ್ತು ನಿಮಿಷ ಹೊರಗೆ ನಡೆದರೆ ಕಣ್ಣಿಗೆ ಬೀಳುವ ಆ ಬೆಳಕು ಅಂದು ರಾತ್ರಿಯ ನಿದ್ದೆಯನ್ನು ಸ್ವಲ್ಪ ಮುಂಚಿತವಾಗಿ ಕರೆತರುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಬೆಳಿಗ್ಗೆ ಹೊರಗೆ ಬಿಡದಿದ್ದರೆ ತಾರಸಿ ಅಥವಾ ವರಾಂಡವಾದರೂ ಸಾಕು. ಬೆಳಿಗ್ಗೆ ಸರಿಹೋಗದೆ ರಾತ್ರಿ ಸರಿಹೋಗುವುದಿಲ್ಲ.

ಮತ್ತೆ ಮಲಗಲೇಬೇಕೆನಿಸಿದರೆ? ಒಂದು ಗಂಟೆ, ಒಂದೂವರೆ ಗಂಟೆ ಪರವಾಗಿಲ್ಲ, ಆದರೆ ಅದು ಪ್ರತಿದಿನವೂ ಒಂದೇ ರೀತಿ ಇರಲಿ. ಈ ‘ಒಂದೇ ರೀತಿ’ ಎಂಬುದು ನಾವು ಅಂದುಕೊಂಡದ್ದಕ್ಕಿಂತ ದೊಡ್ಡ ವಿಷಯ. ಹಾರ್ವರ್ಡಿನ 61 ವಿದ್ಯಾರ್ಥಿಗಳನ್ನು ಮೂವತ್ತು ದಿನ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯಮಿತವಾಗಿ ಮಲಗುವವರು ಮತ್ತು ಹೊತ್ತುಗೊತ್ತಿಲ್ಲದೆ ಮಲಗುವವರು ಒಟ್ಟು ನಿದ್ದೆ ಮಾಡಿದ್ದು ಹೆಚ್ಚುಕಡಿಮೆ ಅಷ್ಟೇ ಗಂಟೆ. ಆದರೂ ಎರಡನೆಯವರ ದೇಹದ ಗಡಿಯಾರ ಎರಡೂವರೆ ಗಂಟೆಯಷ್ಟು ತಡವಾಗಿತ್ತು, ಅಂಕಗಳೂ ಕಡಿಮೆ ಇದ್ದವು. ಶನಿವಾರ, ಭಾನುವಾರ ಹಗಲಿಡೀ ಮಲಗಿ ವಾರದ ನಿದ್ದೆ ತೀರಿಸುತ್ತೇನೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪರೀಕ್ಷೆಯ ಮಾತು ಬಂದದ್ದರಿಂದ ಇನ್ನೊಂದು. ಅಮೆರಿಕದ ಎಂ.ಐ.ಟಿ.ಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ 88 ವಿದ್ಯಾರ್ಥಿಗಳ ನಿದ್ದೆಯನ್ನು ಕೈಗೆ ಕಟ್ಟಿದ ಪಟ್ಟಿಯಿಂದ ಒಂದು ಸೆಮಿಸ್ಟರ್ ಪೂರ್ತಿ ಅಳೆದರು. ಅಂಕಗಳ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗ ನಿದ್ದೆಯ ವ್ಯತ್ಯಾಸಕ್ಕೆ ಹೊಂದಿಕೊಂಡಿತ್ತು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಅದಕ್ಕೆ ಮೊದಲಿನ ಇಡೀ ತಿಂಗಳ ನಿದ್ದೆಗೆ. ಪಾಠ ಕಲಿಯುವ ದಿನಗಳಲ್ಲಿ ನಿದ್ದೆಗೆಟ್ಟವನಿಗೆ ‘ನಾಳೆ ಪರೀಕ್ಷೆ, ಇವತ್ತು ಬೇಗ ಮಲಗು’ ಎಂಬ ಅಮ್ಮನ ಫೋನ್ ತಡವಾಗಿ ಬಂದಿರುತ್ತದೆ.

ಮಧ್ಯಾಹ್ನದ ಕಿರುನಿದ್ದೆ, ನಾವು ಕೈಲೂಲ ಎನ್ನುವುದು, ಇಪ್ಪತ್ತರಿಂದ ಮೂವತ್ತು ನಿಮಿಷವಾದರೆ ಚೆನ್ನ. ಅದಕ್ಕಿಂತ ಹೆಚ್ಚಾದರೆ ಗಾಢ ನಿದ್ದೆಗೆ ಇಳಿದು ಏಳುವಾಗ ತಲೆ ಭಾರವಾಗುತ್ತದೆ. ಅಸರ್ ಬಳಿಕ ಮಲಗಿದರೆ ರಾತ್ರಿಗಾಗಿ ಕೂಡಿಟ್ಟ ಅಡೆನೊಸಿನ್ ಆಗಲೇ ಖರ್ಚಾಗಿಬಿಡುತ್ತದೆ.

ಮೊಬೈಲಿನ ವಿಷಯದಲ್ಲಿ ಎಲ್ಲರೂ ನೀಲಿ ಬೆಳಕಿನ ಮಾತಾಡುತ್ತಾರೆ. ಅದರ ಪರಿಣಾಮ ಇದೆ. 2015ರ ಒಂದು ಪ್ರಯೋಗದಲ್ಲಿ ಮಲಗುವ ಮೊದಲು ನಾಲ್ಕು ಗಂಟೆ ಬೆಳಗುವ ಪರದೆಯಲ್ಲಿ ಓದಿದವರಿಗೆ, ಕಾಗದದ ಪುಸ್ತಕ ಓದಿದಾಗಿಗಿಂತ ನಿದ್ದೆ ಹತ್ತುವುದು ಸುಮಾರು ಹತ್ತು ನಿಮಿಷ ತಡವಾಯಿತು. ಹತ್ತೇ ನಿಮಿಷ. ‘ಇನ್ನೊಂದು ವಿಡಿಯೋ’ ಎಂದು ಕೈಜಾರುವ ಎರಡು ಗಂಟೆಯ ಮುಂದೆ ಅದು ಏನೂ ಅಲ್ಲ. ಕನ್ನಡಕ, ಪರದೆಯ ಬಣ್ಣ ಬದಲಿಸುವ ಆ್ಯಪ್‌ಗಳಿಗಿಂತ ಚಾರ್ಜರನ್ನು ಹಾಸಿಗೆಯಿಂದ ಕೈಗೆಟುಕದಷ್ಟು ದೂರ ಇಡುವುದು ಒಳ್ಳೆಯದು. ಫಜ್ರ್ ಅಲಾರಂ ಆರಿಸಲು ಎದ್ದು ನಡೆಯಬೇಕಾಗುವುದು ಇದರ ಇನ್ನೊಂದು ಲಾಭ. ಸಿಗರೇಟು ಸೇದಿದರೆ ಟೆನ್ಷನ್ ಇಳಿದು ನಿದ್ದೆ ಬರುತ್ತದೆ ಎನ್ನುವ ಹುಡುಗರಿದ್ದಾರೆ. ನಿಕೋಟಿನ್ ಎಚ್ಚರಗೊಳಿಸುವ ವಸ್ತು, ನಿದ್ದೆ ತರುವುದಲ್ಲ. ಹುಕ್ಕಾದಲ್ಲೂ ಇರುವುದು ಅದೇ.

ಹೆಣ್ಣುಮಕ್ಕಳ ರಕ್ತಹೀನತೆ

ಕಾಲೇಜು ಹುಡುಗಿಯರಲ್ಲಿ ಕೆಲವರು ಹೇಳುವ ದೂರೊಂದಿದೆ: ರಾತ್ರಿ ಮಲಗಿದರೆ ಕಾಲಿನೊಳಗೆ ಏನೋ ಹರಿದಂತೆ, ಆಡಿಸದೆ ಇರಲಾಗದಂತೆ, ಎದ್ದು ನಡೆದರೆ ಕಡಿಮೆಯಾಗುತ್ತದೆ. ಮನೆಯವರು ಕೆಲಸದ ದಣಿವು ಎಂದು ಎಣ್ಣೆ ಹಚ್ಚುತ್ತಾರೆ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾದಾಗ ಹೀಗಾಗುವುದುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ತಿಂಡಿ ಬಿಡುವುದು, ತೆಳ್ಳಗಾಗಲೆಂದು ಅರೆಹೊಟ್ಟೆ ಉಣ್ಣುವುದು, ಊಟದ ಜೊತೆಗೇ ಚಹಾ ಕುಡಿಯುವುದು ಇವೆಲ್ಲ ಇದನ್ನು ಹೆಚ್ಚಿಸುತ್ತವೆ. ಚಹಾದಲ್ಲಿರುವ ಟ್ಯಾನಿನ್ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ಹುರುಳಿ, ಬಸಳೆ, ನುಗ್ಗೆಸೊಪ್ಪಿನ ಜೊತೆ ಲಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಮಾಂಸ, ಮೀನಿನ ಕಬ್ಬಿಣ ಇನ್ನೂ ಸುಲಭವಾಗಿ ಸೇರುತ್ತದೆ. ರಕ್ತಪರೀಕ್ಷೆ ಮಾಡಿಸದೆ ಮಾತ್ರೆ ನುಂಗಿಸಬಾರದು. ಪರೀಕ್ಷೆ ಮಾಡಿಸುವುದಕ್ಕೂ ಮುಜುಗರ ಪಡಬಾರದು. ಮದುವೆ ನಿಶ್ಚಯವಾದ ಮೇಲೆ ಹಿಮೋಗ್ಲೋಬಿನ್ ನೋಡಿಸುವ ಮನೆಗಳು ಎಷ್ಟೋ ಇವೆ. ಅವಳು ಓದುತ್ತಿರುವಾಗಲೇ ನೋಡಿಸಿದ್ದರೆ ಮೂರು ವರ್ಷದ ನಿದ್ದೆಯಾದರೂ ಉಳಿಯುತ್ತಿತ್ತು.

ರಮಝಾನಿನಲ್ಲಿ

ರಮಝಾನ್ ಈಗ ಫೆಬ್ರವರಿ, ಮಾರ್ಚ್ ತಿಂಗಳ ಆಸುಪಾಸಿನಲ್ಲಿ ಬರುತ್ತಿದೆ, ಮಕ್ಕಳಿಗೆ ತರಗತಿ, ಪರೀಕ್ಷೆ ಎರಡೂ ಇರುವ ಕಾಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯೊಂದರಲ್ಲಿ, ಉಪವಾಸಿಗರ ರಾತ್ರಿಯ ನಿದ್ದೆ ರಮಝಾನಿಗೆ ಮೊದಲು ಸರಾಸರಿ 7.2 ಗಂಟೆ ಇದ್ದದ್ದು ರಮಝಾನಿನಲ್ಲಿ 6.4 ಗಂಟೆಗೆ ಇಳಿದಿತ್ತು. ಸಹರಿ, ತರಾವೀಹ್ ಎರಡೂ ಇರುವಾಗ ಸ್ವಲ್ಪ ಕಡಿಮೆಯಾಗುವುದು ಸಹಜ. ಆದರೆ ತರಾವೀಹ್ ಮುಗಿಸಿ ಹತ್ತಕ್ಕೆ ಮನೆಗೆ ಬಂದು ಮಲಗುವ ಬದಲು ಪೇಟೆ ಸುತ್ತಿ, ಹನ್ನೆರಡಕ್ಕೆ ಮತ್ತೆ ಕಬಾಬ್ ತಿಂದು, ಸಹರಿಯವರೆಗೆ ಎಚ್ಚರವಿದ್ದು, ಹಗಲೆಲ್ಲ ಮಲಗುವುದು ಉಪವಾಸದ ಪರಿಣಾಮವಲ್ಲ, ನಾವು ಮಾಡಿಕೊಂಡ ರೂಢಿ. ಇಫ್ತಾರಿನಲ್ಲಿ ಖರ್ಜೂರ, ನೀರು, ಹಣ್ಣು ತೆಗೆದುಕೊಂಡು ಮಗ್ರಿಬ್ ಮುಗಿಸಿ ಆಗಲೇ ರಾತ್ರಿಯ ಊಟವನ್ನೂ ಮುಗಿಸಿದರೆ ತರಾವೀಹ್ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತದೆ, ಹತ್ತೂವರೆಗೆ ಮಲಗಬಹುದು. ಸಮೋಸ, ಕಟ್ಲೆಟ್‌ಗಳ ರಾಶಿ ಎದುರಿಟ್ಟು ಮಕ್ಕಳನ್ನು ಸಂಯಮದ ಬಗ್ಗೆ ಉಪದೇಶಿಸಿ ಪ್ರಯೋಜನವಿಲ್ಲ. ಸಹರಿಯಲ್ಲಿ ಚಹಾ ಬೇಡ, ಅದರ ಕೆಫೀನ್ ಹಗಲಿನ ಬಾಯಾರಿಕೆಗಿಂತ ಫಜ್ರ್ ಬಳಿಕದ ಒಂದು ಗಂಟೆ ನಿದ್ದೆಯನ್ನು ಹೆಚ್ಚು ಕೆಡಿಸುತ್ತದೆ.

ಮನೆಯವರ ಕೈಯಲ್ಲಿ ಇರುವುದು

ಹಾಸ್ಟೆಲ್ ಮೆಸ್ಸನ್ನು ನಾವು ಬದಲಿಸಲಾಗದು. ಆದರೆ ಮಗುವಿನ ಬ್ಯಾಗಿಗೆ ಏನು ತುಂಬುತ್ತೇವೆ ಎಂಬುದು ನಮ್ಮ ಕೈಯಲ್ಲೇ ಇದೆ. ಚಿಪ್ಸ್, ಬೇಕರಿ ಬಿಸ್ಕತ್ತು, ಹಲ್ವದ ಡಬ್ಬಿಯ ಜಾಗದಲ್ಲಿ ಹುರಿದ ನೆಲಗಡಲೆ, ಪುಟಾಣಿ, ಖರ್ಜೂರ, ಅವಲಕ್ಕಿ, ರಾಗಿ ಹುಡಿ ಹೋಗಲಿ. ತಿಂಡಿಗೆ ಹೊತ್ತಿಲ್ಲದ ಬೆಳಿಗ್ಗೆ ಎರಡು ಬಾಳೆಹಣ್ಣು, ಒಂದು ಹಿಡಿ ನೆಲಗಡಲೆ ತಿಂದರೂ ಬರಿಹೊಟ್ಟೆಗಿಂತ ಎಷ್ಟೋ ಮೇಲು. ಬೆಳಿಗ್ಗೆ ತಿಂದವನಿಗೆ ರಾತ್ರಿ ಹನ್ನೊಂದರ ಹಸಿವು ಅಷ್ಟಾಗಿ ಕಾಡುವುದಿಲ್ಲ. ಮೆಸ್ ಊಟ ಎಂಟಕ್ಕೆ ಮುಗಿಸಿ ಹತ್ತಕ್ಕೆ ಹಸಿವಾದರೆ ತಿನ್ನಲು ರೂಮಿನಲ್ಲೇ ಏನಾದರೂ ಇದ್ದರೆ ಹೊರಗೆ ಹೋಗುವ ನೆವ ತಪ್ಪುತ್ತದೆ. ಉಂಡ ಕೂಡಲೇ ಹಲ್ಲುಜ್ಜಿ ವುಝೂ ಮಾಡಿಕೊಳ್ಳುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು. ಹಲ್ಲುಜ್ಜಿದ ಮೇಲೆ ಮತ್ತೆ ತಿನ್ನಲು ಮನಸ್ಸು ಅಷ್ಟು ಬೇಗ ಒಪ್ಪುವುದಿಲ್ಲ. ಹಾಸಿಗೆ ಕೊಡವಿ ಮಲಗುವ ಸುನ್ನತ್ ಹಾಸ್ಟೆಲ್ ಹಾಸಿಗೆಗಂತೂ ತೀರಾ ಅಗತ್ಯ. ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿದರೆ ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವ ರಾತ್ರಿಗಳು ಕಡಿಮೆಯಾಗುತ್ತವೆ.

ರಜೆಯಲ್ಲಿ ಮನೆಗೆ ಬಂದಾಗ ನಮ್ಮ ಮನೆಯ ರಾತ್ರಿ ಊಟವೇ ಹತ್ತೂವರೆಗಾದರೆ, ಟಿ.ವಿ. ಹನ್ನೆರಡರವರೆಗೆ ಕೂಗುತ್ತಿದ್ದರೆ, ಹಾಸ್ಟೆಲನ್ನು ದೂರಿ ಫಲವಿಲ್ಲ.

ಕೆಲವು ಲಕ್ಷಣಗಳಿಗೆ ಊಟದ ಬದಲಾವಣೆ ಸಾಲದು, ವೈದ್ಯರೇ ಬೇಕು. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವುದು, ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದಿರುವುದು, ಮೇಲೆ ಹೇಳಿದ ಕಾಲಿನ ತೊಂದರೆ, ವಾರದಲ್ಲಿ ಹಲವು ಬಾರಿ ಎದೆಯುರಿ. ನಿದ್ದೆಗೆಡುವುದರ ಜೊತೆಗೆ ಊಟ ಸೇರದೆ, ಯಾರೊಂದಿಗೂ ಮಾತಾಡದೆ, ಬದುಕೇ ಬೇಡವೆನ್ನುವ ಮಾತು ಬಂದರೆ ಅದನ್ನು ಈಮಾನಿನ ಕೊರತೆ ಎಂದು ಗದರಿಸಬೇಡಿ. ಅದು ಖಿನ್ನತೆ ಆಗಿರಬಹುದು, ಚಿಕಿತ್ಸೆ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಗೆಳೆಯ ಕೊಟ್ಟನೆಂದು ಅಥವಾ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದೆನೆಂದು ನಿದ್ದೆಮಾತ್ರೆ ನುಂಗುವ ಸುದ್ದಿ ತಿಳಿದರೆ ಅಂದೇ ಮಗುವಿನ ಬಳಿ ಹೋಗಿ, ಫೋನಿನಲ್ಲಿ ಮಾತಾಡಿ ಮುಗಿಸುವ ವಿಷಯವಲ್ಲ ಅದು.